ಉಳಿದವರೂ ಸಮರ್ಥವಾಗಿ ನಟಿಸಿದರು

“ಇವತ್ತು ಮಧ್ಯಾಹ್ನದ ಪ್ರಯೋಗಕ್ಕೆ ನೀವೂ ಬನ್ನಿ,” ಎಂದು ಹೆಂಡತಿ ಹೇಳಿದಾಗ ಅವನ ಕೈಯಲ್ಲಿದ್ದ ಕಾಫಿ ಲೋಟ ಮೇಜಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ತಾನು ನಟಿಸುವ ನಾಟಕಕ್ಕೆ ಅವಳು ಕರೆಯುವುದಿಲ್ಲ, ಅವನು ಹೋಗುವುದಿಲ್ಲ. ಎಷ್ಟೋ ವರ್ಷಗಳಿಂದ ಇದು ಹೀಗೇ ನಡೆದುಬಂದಿತ್ತು. “ಬಂದು ಏನು ಮಾಡ್ಲಿ?” ಎಂದ. “ನೋಡಿ. ನೋಡಿ ಹೇಳಿ.” “ಏನಂತ ಹೇಳ್ಲಿ?” “ಕಂಡದ್ದನ್ನ ಹೇಳಿ. ಅದೇ ತಾನೇ ನಿಮ್ಮ ಕೆಲಸ?” ಅಷ್ಟು ಹೇಳಿ ಅವಳು ಇಸ್ತ್ರಿ ಮಾಡುತ್ತಿದ್ದ ಬಟ್ಟೆಯ ಕಡೆಗೆ ತಿರುಗಿದಳು. ಅವಳ ಬೆನ್ನನ್ನೇ ನೋಡುತ್ತ ಅವನು ಯೋಚಿಸತೊಡಗಿದ. ಯಾಕೆ ಇವತ್ತು? ಯಾಕೆ ಈ ನಾಟಕಕ್ಕೆ? ಮುಖ ಕೊಟ್ಟು ಯಾಕೆ ಮಾತಾಡಲಿಲ್ಲ? ಅವನ ವೃತ್ತಿಯೇ ಅಂಥದ್ದು. ಊರಿನ ದೊಡ್ಡ ಬೆಳಗಿನ ಪತ್ರಿಕೆಗೆ ಅವನು ಚಿತ್ರಕಲೆ, ನೃತ್ಯ, ನಾಟಕಗಳ ವಿಮರ್ಶೆ ಬರೆಯುತ್ತಿದ್ದ. ಯಾರಾದರೂ ನಕ್ಕು ಮಾತಾಡಿಸಿದರೆ ಮುಂದಿನ ವಾರ ಇವರದ್ದೇನೋ ಪ್ರದರ್ಶನವಿರಬೇಕು ಎಂದುಕೊಳ್ಳುವುದು, ಅದು ಬಹಳ ಸಲ ನಿಜವೂ ಆಗುವುದು, ಅವನಿಗೆ ಸೀನು ಬಂದಷ್ಟು ಸಹಜವಾಗಿಹೋಗಿತ್ತು. ಆದರೆ ಸ್ವಂತ ಹೆಂಡತಿಯ ವಿಷಯದಲ್ಲಿ ಮೂಗು ಕೆರೆಯತೊಡಗಿದ್ದು ಇತ್ತೀಚೆಗೆ. “ನೋಡೋಣ,” ಎಂದು ಕಾಫಿ ಕುಡಿದ. ಅದಕ್ಕೆ ಎರಡು ಸಲ ಸಕ್ಕರೆ ಬಿದ್ದಿತ್ತು. ಈ ವಾರದಲ್ಲಿ ಇದು ಮೊದಲ ಸಲವೂ ಅಲ್ಲ. ಅವಳ ಮನಸ್ಸು ಬೇರೆಲ್ಲೋ ಇದ್ದರೆ ಕೈ ಇನ್ನೇನು ಮಾಡೀತು, ಎಂದುಕೊಂಡು ಸದ್ದಿಲ್ಲದೆ ಲೋಟ ಖಾಲಿ ಮಾಡಿದ.

ಮನೆಯವರ ಬಗ್ಗೆ ಬರೆಯಬಾರದೆಂಬ ನಿಯಮವನ್ನು ಅವನೇ ಮಾಡಿಕೊಂಡದ್ದು. ನಾಳೆ ಯಾರೂ ಬೆರಳು ತೋರಿಸಬಾರದು, ಅಷ್ಟೆ. ಮೊದಮೊದಲು ಅವಳ ನಾಟಕಗಳನ್ನು ನೋಡಲು ಹೋಗುತ್ತಿದ್ದ. ಬಂದು ಎಲ್ಲರ ಬಗ್ಗೆಯೂ ಬರೆಯುತ್ತಿದ್ದ. ಮುದುಕನ ಪಾತ್ರ ಮಾಡಿದವನ ದನಿ, ಬೆಳಕು ಬಿಟ್ಟ ರೀತಿ, ಪರದೆಯ ಬಣ್ಣ, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳ ಹೆಸರು ಬರಬೇಕಾದ ಜಾಗ ಬಂದಾಗ ‘ಉಳಿದವರೂ ಸಮರ್ಥವಾಗಿ ನಟಿಸಿದರು’ ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದ. ಒಂದು ನಾಟಕದಲ್ಲಿ ಇದ್ದದ್ದೇ ಇಬ್ಬರು ಪಾತ್ರಧಾರಿಗಳು. ಆಗಲೂ ಕೈ ತಡೆಯದೆ ಹಾಗೆಯೇ ಬರೆದುಬಿಟ್ಟಿದ್ದ. ಅದು ಅಚ್ಚಾದ ದಿನ ಸಂಜೆ ಅವಳು ಹೊರಗಿನಿಂದ ಬಂದು ಕದ ತಟ್ಟಿ, “ಉಳಿದವರು ಬಂದಿದ್ದಾರೆ, ಬಾಗಿಲು ತೆಗೀರಿ,” ಎಂದಿದ್ದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಆಮೇಲೆ ಅದು ಮನೆಯೊಳಗಿನ ಮಾತಾಯಿತು. ಉಳಿದವರಿಗೂ ಒಂದು ಲೋಟ ಕೊಡಿ, ಉಳಿದವರಿಗೆ ಜ್ವರ ಬಂದಿದೆ. ಅವಳು ಅದನ್ನು ಹೇಳುವುದನ್ನು ಯಾವಾಗ ಬಿಟ್ಟಳೋ ಅವನು ಗಮನಿಸಲಿಲ್ಲ. ನೋಡಿಯೂ ಬರೆಯದೆ ಇರುವುದು ಮುಜುಗರವೆನಿಸಿ ಕ್ರಮೇಣ ನೋಡುವುದನ್ನೇ ಬಿಟ್ಟ. ಪತ್ರಿಕೆಯಿಂದ ಬೇರೆಯವರನ್ನು ಕಳಿಸೋಣವೆಂದರೆ ಆ ಕೆಲಸಕ್ಕೆ ಬೇರೆಯವರಿರಲಿಲ್ಲ. ಹೀಗೆ ಊರಿನ ಅತಿ ದೊಡ್ಡ ಪತ್ರಿಕೆಯಲ್ಲಿ ಅವಳು ಇಲ್ಲವೇ ಇಲ್ಲ ಎನ್ನುವಂತಾಯಿತು. ಅವನಿಗೆ ಅದು ತನ್ನ ಪ್ರಾಮಾಣಿಕತೆಯ ಗುರುತಾಗಿ ಕಾಣುತ್ತಿತ್ತು. ಒಂದು ಸನ್ಮಾನ ಸಭೆಯಲ್ಲಿ ಭಾಷಣಕಾರರು ಅದನ್ನೇ ಎತ್ತಿ ಹೊಗಳಿದ್ದರು. ಅವಳೂ ಸಭಿಕರ ನಡುವೆ ಕೂತು ಚಪ್ಪಾಳೆ ತಟ್ಟಿದ್ದಳು.

ಎಲ್ಲ ಸರಿಯಾಗಿಯೇ ಇತ್ತು, ಕಳೆದ ವಾರ ಆ ಸಂಜೆ ಪತ್ರಿಕೆ ಬರುವವರೆಗೆ. ಸಂಜೆ ಪತ್ರಿಕೆಯವರು ನಾಟಕದ ತಂಟೆಗೆ ಹೋಗುವವರೇ ಅಲ್ಲ. ಆದರೆ ಅವತ್ತು ಕೊನೆಯ ಪುಟದಲ್ಲಿ ‘ಒಬ್ಬ ಪ್ರೇಕ್ಷಕ’ ಎಂಬ ಹೆಸರಿನಲ್ಲಿ ಅವಳ ಹೊಸ ನಾಟಕದ ವಿಮರ್ಶೆ ಬಂದಿತ್ತು. ಅದರಲ್ಲಿ ನಾಟಕಕ್ಕಿಂತ ಹೆಚ್ಚಾಗಿ ಅವಳೇ ಇದ್ದಳು. ‘ಮಗಳು ಆ ಪ್ರಶ್ನೆ ಕೇಳಿದ ಮೇಲೆ ತಾಯಿ ತಾಳುವ ದೀರ್ಘ ಮೌನ ಅರ್ಥಗರ್ಭಿತವಾದದ್ದು. ಎಡಗೈ ಹೆಬ್ಬೆರಳು ಬೇರೆ ಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟುತ್ತ ಹೋಗುತ್ತದೆ. ಒಂದಿಡೀ ಬದುಕು ಆ ಬೆರಳುಗಳಲ್ಲಿದೆ.’ ಅವನು ಅದನ್ನು ಪತ್ರಿಕೆ ಮಾರುವವನ ಎದುರಿನಲ್ಲೇ ನಿಂತು ಓದಿದ. ಆ ಹೆಬ್ಬೆರಳು ಅವನಿಗೆ ಗೊತ್ತು. ಬೀರುವಿನ ಬಾಗಿಲು ತೆಗೆದು, ಯಾವುದಕ್ಕೆ ಬಂದೆನೆಂದು ತಿಳಿಯದೆ ನಿಂತಾಗ ಅವಳು ಹಾಗೆ ಮಾಡುತ್ತಾಳೆ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವಾಗ ಮಾಡುತ್ತಾಳೆ. ಅದು ಮನೆಯೊಳಗಿನ ಬೆರಳು. ಅದನ್ನು ಹೊರಗಿನವನೊಬ್ಬ ಇಷ್ಟು ಹತ್ತಿರದಿಂದ ಹೇಗೆ ಕಂಡ? ಬರೀ ಒಂದು ಸಂಜೆ ನೋಡಿದವನಿಗೆ ಇಷ್ಟೆಲ್ಲ ಸಿಗುವುದಿಲ್ಲ. ನೋಡುವುದೇ ಕಸುಬಾಗಿದ್ದ ಅವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪತ್ರಿಕೆಯನ್ನು ಮನೆಗೆ ತರಲಿಲ್ಲ. ಬಂದು ನೋಡಿದರೆ ಅದರ ಇನ್ನೊಂದು ಪ್ರತಿ ಅವಳ ದಿಂಬಿನ ಪಕ್ಕದಲ್ಲಿ ಮಡಿಸಿಟ್ಟಿತ್ತು. ಅವಳು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ, ಅವನೂ ಬಿಚ್ಚಲಿಲ್ಲ.

ಅಂದಿನಿಂದ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬಟ್ಟೆ ಒಣಗಿಸಲು ತಾರಸಿಗೆ ಹೋದವಳು ಅಲ್ಲಿ ಯಾರ ಜೊತೆಗೋ ಮಾತಾಡುವಂತೆ ಪಿಸುಗುಡುತ್ತಿರುತ್ತಾಳೆ, ಇವನ ಹೆಜ್ಜೆ ಕೇಳಿದರೆ ಗಪ್‌ಚುಪ್. ಬೆಳಿಗ್ಗೆ ಹೇಳಿದ್ದನ್ನು ಸಂಜೆ ಮತ್ತೆ ಕೇಳುತ್ತಾಳೆ: “ಯಾರು ಫೋನ್ ಮಾಡಿದ್ರು ಅಂದ್ರಿ?” ಅವಳ ತಮ್ಮ ಈಗೀಗ ದಿನಾ ಫೋನ್ ಮಾಡುತ್ತಾನೆ, ಅವನೊಡನೆ ಬಾಲ್ಕನಿಯ ಬಾಗಿಲು ಎಳೆದುಕೊಂಡು ಮಾತಾಡುತ್ತಾಳೆ. ಅಕ್ಕ ತಮ್ಮನ ನಡುವೆ ಬಾಗಿಲು ಎಳೆದುಕೊಳ್ಳುವಂಥದ್ದು ಏನಿರುತ್ತದೆ? ಯಾರದೋ ಸುದ್ದಿ ತರುವ, ಒಯ್ಯುವ ಕೆಲಸವಲ್ಲದಿದ್ದರೆ? ಹೀಗೆಲ್ಲ ಯೋಚಿಸುವಾಗ ತನ್ನ ವಯಸ್ಸು ನೆನಪಾಗಿ ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಷ್ಟೂ ಅನುಮಾನ ಗಟ್ಟಿಯಾಗುತ್ತಿತ್ತು. ಈಗ ಅವಳು ತಾನಾಗಿಯೇ ಬಾ ಎನ್ನುತ್ತಿದ್ದಾಳೆ. ಆ ‘ಒಬ್ಬ ಪ್ರೇಕ್ಷಕ’ನೂ ಬರುವವನಿರಬೇಕು. ನೋಡಿ, ನೋಡುವುದೆಂದರೆ ಹೀಗೆ, ಎಂದು ಗಂಡನಿಗೆ ತೋರಿಸುವ ಆಸೆಯಿರಬೇಕು. ಹೋಗುತ್ತೇನೆ, ಎಂದು ನಿರ್ಧರಿಸಿದ. ಹೋಗಿ ಅವನನ್ನು ಹಿಡಿಯುತ್ತೇನೆ.

ನಾಟಕಕ್ಕೆ ಮೊದಲು ಒಂದು ಚಿತ್ರಪ್ರದರ್ಶನ ಮುಗಿಸಬೇಕಾಗಿತ್ತು. ಗ್ಯಾಲರಿಯ ಬಿಳಿ ಗೋಡೆಗಳ ಮೇಲೆ ದೊಡ್ಡ ದೊಡ್ಡ ಕ್ಯಾನ್‌ವಾಸುಗಳು, ಎಲ್ಲದರಲ್ಲೂ ಬರೀ ಕೈಗಳು. ಮೇಜಿನ ಮೇಲೆ ಚಾಚಿದ ಕೈ, ಮುಷ್ಟಿ ಕಟ್ಟಿದ ಕೈ, ಕಿಟಕಿಯ ಸರಳು ಹಿಡಿದ ಹೆಂಗಸಿನ ಕೈ. ಇವುಗಳನ್ನು ಚಿತ್ರಿಸಿದವನೇ ಆ ‘ಒಬ್ಬ ಪ್ರೇಕ್ಷಕ’ನಿರಬಹುದೇ? ಗಡ್ಡದ ಚಿತ್ರಕಾರ ಎರಡೂ ಕೈ ಚಾಚಿ ಓಡಿಬಂದ. “ಕೈಗಳನ್ನೇ ಯಾಕೆ ಬರೀತೀರಿ?” ಎಂದು ಇವನು ಪೊಲೀಸಿನವನ ಹಾಗೆ ಕೇಳಿದ. “ಮುಖ ಬರೆಯೋಕೆ ಬರಲ್ಲ ಸರ್, ಅದಕ್ಕೇ,” ಎಂದು ಚಿತ್ರಕಾರ ಗಹಗಹಿಸಿ ನಕ್ಕ. ಇಷ್ಟು ಸಲೀಸಾಗಿ ನಿಜ ಹೇಳುವವನನ್ನು ನಂಬುವುದು ಹೇಗೆ? ಇವನು ಕಿಟಕಿಯ ಸರಳಿನ ಕೈಯನ್ನು ಬಹಳ ಹೊತ್ತು ನೋಡಿದ. ಅದು ಬಲಗೈ. ಅಷ್ಟಕ್ಕೇ ಸಮಾಧಾನವಾದದ್ದು ತಿಳಿದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. “ನಿಮ್ಮ ಮನೆಯವರ ನಾಟಕ ನೋಡ್ದೆ ಸರ್,” ಎಂದ ಚಿತ್ರಕಾರ. “ಅಬ್ಬಾ! ಮಾತೇ ಇಲ್ದೆ ಎಷ್ಟು ಹೊತ್ತು ನಿಲ್ತಾರೆ ಅವರು! ನೀವು ನೋಡಿದ್ರಿ ಅಲ್ವಾ?” “ಹೂಂ, ನೋಡ್ದೆ,” ಎಂದುಬಿಟ್ಟ ಇವನು. ಪಕ್ಕದಲ್ಲೇ ನಿಂತಿದ್ದ ನೃತ್ಯ ಕಲಿಸುವ ಹೆಂಗಸು ಥಟ್ಟನೆ ತಿರುಗಿದಳು. “ಯಾವತ್ತು ಬಂದಿದ್ರಿ ಸರ್? ನಾನು ಎಲ್ಲ ದಿನಾನೂ ಬಂದವರನ್ನ ಕೂರಿಸ್ತಾ ಬಾಗಿಲಲ್ಲೇ ಇದ್ದೆ, ಕಾಣ್ಲೇ ಇಲ್ವಲ್ಲ!” ಇವನು ಕೆಮ್ಮಿದ. ಆಕೆ ನಗು ತಡೆದುಕೊಂಡು ಗೋಡೆಯ ಕಡೆ ತಿರುಗಿದ್ದು ಬಾಗಿಲಿನ ಗಾಜಿನಲ್ಲಿ ಕಾಣಿಸಿತು. ಎಲ್ಲರಿಗೂ ಏನೋ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ ಎನ್ನಿಸಿತು. ಚಿತ್ರಗಳ ಬಗ್ಗೆ ಏನು ಬರೆಯಬೇಕೆಂದು ಯೋಚಿಸದೆ ಹೊರಗೆ ಬಂದ.

ರಂಗಮಂದಿರದ ಬಾಗಿಲಲ್ಲಿ ಟಿಕೆಟ್ ಹರಿದುಕೊಡುತ್ತಿದ್ದವನು ಭಾವಮೈದುನ. “ಅಯ್ಯೋ ಭಾವ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?” ಎಂದು ಕೂಗಿ, ಹತ್ತಿರ ಬಂದು ದನಿ ತಗ್ಗಿಸಿದ. “ಅಕ್ಕ ಕರೆದ್ಲಾ? ಒಳ್ಳೇದಾಯ್ತು. ಸ್ವಲ್ಪ ಗಮನ ಇಟ್ಟು ನೋಡಿ ಭಾವ. ನಮಗೆಲ್ಲ ಅವಳು ಏನು ಮಾಡಿದ್ರೂ ಚೆನ್ನಾಗೇ ಕಾಣುತ್ತೆ.” “ನನಗೆ ಬೇರೆ ಥರ ಕಾಣ್ಬೇಕಾ?” ಎಂದು ಇವನು ಅವನ ಕಣ್ಣನ್ನೇ ನೋಡಿದ. ಭಾವಮೈದುನ ಕಣ್ಣು ತಪ್ಪಿಸಿ ಮುಂದಿನವರ ಟಿಕೆಟ್ ಇಸಿದುಕೊಂಡ. ಕಣ್ಣು ತಪ್ಪಿಸಿದನಲ್ಲ, ಅದು ಸಾಕು. ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುವವನು ಇವತ್ತು ಹಿಂದೆ, ಪಕ್ಕದ ಗೋಡೆಗೆ ಒತ್ತಿದ ಕುರ್ಚಿಯನ್ನು ಹಿಡಿದ. ಅಲ್ಲಿಂದ ವೇದಿಕೆ ಅರೆಬರೆ ಕಾಣುತ್ತದೆ, ಸಭಾಂಗಣ ಪೂರ್ತಿ ಕಾಣುತ್ತದೆ.

ಪರದೆ ಸರಿಯಿತು. ಕಥೆ ಏನೆಂದು ಅವನಿಗೆ ಗೊತ್ತಿತ್ತು: ಮನೆ ಬಿಟ್ಟು ಹೋಗಿದ್ದ ಮಗಳು ಒಂದು ದಿನ ಹಿಂತಿರುಗಿ ಬಂದು ಕದ ತಟ್ಟಿದಾಗ ತಾಯಿ ತೆಗೆದಿರುವುದಿಲ್ಲ, ವರ್ಷಗಳ ಮೇಲೆ ಮಗಳು ಮತ್ತೆ ಬಂದು, ಅವತ್ತು ಯಾಕೆ ತೆಗೆಯಲಿಲ್ಲ ಎಂದು ಕೇಳುತ್ತಾಳೆ. ಹೆಂಡತಿಯ ದನಿ ಕೇಳಿಸುತ್ತಿತ್ತು. ಮನೆಯಲ್ಲಿ ಇನ್ನೊಂದು ಕೋಣೆಯಿಂದ ಕೇಳುವ ಹಾಗೆ, ಮಾತು ಕಿವಿಗೆ ಬಿದ್ದು ಅರ್ಥ ಅಲ್ಲೇ ಉಳಿಯುವ ಹಾಗೆ. ಅವನು ತಲೆಗಳನ್ನು ನೋಡುತ್ತಿದ್ದ. ಆ ಬೋಳು ತಲೆಯವನು ಯಾಕೆ ಅಷ್ಟು ಮುಂದಕ್ಕೆ ಬಾಗಿದ್ದಾನೆ? ಈ ಶಾಲು ಹೊದ್ದವನು ಅವಳು ಬಂದಾಗಲೆಲ್ಲ ಕನ್ನಡಕ ಏರಿಸಿಕೊಳ್ಳುತ್ತಾನಲ್ಲ? ಒಬ್ಬ ತೆಳ್ಳಗಿನ ಮನುಷ್ಯ ಕತ್ತಲಲ್ಲೂ ಏನೋ ಗೀಚುತ್ತಿರುವಂತಿತ್ತು. ಅವನೇ ಇರಬೇಕೆಂದು ಕತ್ತು ಉದ್ದ ಮಾಡಿದರೆ ಆತ ಪಕ್ಕದ ಮಗುವಿಗೆ ಮಿಠಾಯಿಯ ಕಾಗದ ಬಿಡಿಸಿಕೊಡುತ್ತಿದ್ದ. ಹಿಂದೆ ಕೂತವರೊಬ್ಬರು ಇವನ ಭುಜ ತಟ್ಟಿ, “ಸ್ವಾಮಿ, ನಾಟಕ ಆ ಕಡೆ ನಡೀತಿದೆ,” ಎಂದರು. ಯಾರೋ ಕಿಸಕ್ಕೆಂದರು. ವೇದಿಕೆಯ ಬೆಳಕು ಒಮ್ಮೆ ಇತ್ತ ಹೊರಳಿದಾಗ ಅವಳು ತನ್ನನ್ನು ಕಂಡಳೇನೋ ಎನ್ನಿಸಿ ಅವನು ಕುರ್ಚಿಯಲ್ಲಿ ಕುಗ್ಗಿದ. ದೀಪ ಹತ್ತಿದಾಗ ಎಲ್ಲರ ಮೇಲೂ ಅನುಮಾನವಿತ್ತು, ಒಬ್ಬನೂ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಮಧ್ಯಂತರದಲ್ಲಿ, ಕಾಫಿಯ ಕೌಂಟರಿನ ಮುಂದೆ. ಅದೂ ತಾನಾಗಿಯೇ ಬಂದು ನಿಂತ. ಗುಂಡಗಿನ, ಬೆವರುವ, ನಡುವಯಸ್ಸಿನ ಮನುಷ್ಯ; ಅಂಗಿಯ ಜೇಬಿನಲ್ಲಿ ಪೆನ್ಸಿಲುಗಳು. “ನಮಸ್ಕಾರ ಸರ್. ನಾನು ಸಂಜೆ ಪತ್ರಿಕೇಲಿ ಪದಬಂಧ ಮಾಡೋನು. ಹೋದ ವಾರ ಸಿನಿಮಾ ಬರೆಯೋರು ರಜಾ ಹಾಕಿದ್ರು, ಪುಟದಲ್ಲಿ ಜಾಗ ಖಾಲಿ ಬಿತ್ತು, ನೀನೇ ಏನಾದ್ರೂ ನೋಡ್ಕೊಂಡು ಬಂದು ಬರಿ ಅಂದ್ರು. ಹೆದರಿ ಹೆಸರು ಹಾಕ್ಕೊಳ್ಳಲಿಲ್ಲ. ತಪ್ಪಿದ್ರೆ ಕ್ಷಮಿಸಿ.” ಇವನು ಕೈಯಲ್ಲಿದ್ದ ಲೋಟವನ್ನು ಕೌಂಟರಿನ ಮೇಲಿಟ್ಟ. “ನನಗೆ ನಾಟಕ ಅಂದ್ರೆ ಏನೂ ಗೊತ್ತಿಲ್ಲ ಸರ್. ಹೇಗೆ ಬರೆಯೋದು ಅಂತ ನಿಮ್ಮ ಹಳೇ ವಿಮರ್ಶೆ ಎಲ್ಲ ತೆಗೆದು ಓದ್ದೆ. ‘ಅರ್ಥಗರ್ಭಿತ ಮೌನ’ ಅನ್ನೋದು ನಿಮ್ಮದೇ ಮಾತು. ಸರಿಯಾಗಿ ಕೂತಿತಾ?” “ಕೂತಿದೆ, ಕೂತಿದೆ,” ಎಂದ ಇವನು. ತನ್ನ ದನಿ ತನಗೇ ವಿಚಿತ್ರವಾಗಿ ಕೇಳಿಸಿತು. “ಆದರೆ ಆ ಬೆರಳು? ಅದನ್ನ ಹೇಗೆ ಗಮನಿಸಿದ್ರಿ?” ಪದಬಂಧದವನು ನಾಚಿದ. “ಅದಾ? ಅದು ನನ್ನದೂ ಚಾಳಿ ಸರ್. ಪದ ಎಷ್ಟು ಮಾಡಿದ್ರೂ ನೆನಪಿಗೆ ಬರದೇ ಇದ್ದಾಗ ನಾನೂ ಹಾಗೇ ಬೆರಳು ಮುಟ್ಕೊತೀನಿ. ಅದಕ್ಕೇ ಕಣ್ಣಿಗೆ ಬಿತ್ತು.” ಇವನು ಅವನ ಭುಜ ತಟ್ಟಿ, ಅವನ ಕಾಫಿಯನ್ನೂ ತಾನೇ ಕೊಡಿಸಿದ.

ಎರಡನೆಯ ಅಂಕಕ್ಕೆ ಕೂತಾಗ ತಲೆಯಿಂದ ಹೊರೆ ಇಳಿಸಿದಷ್ಟು ಹಗುರವಾಗಿತ್ತು. ಪದಬಂಧದವನಂತೆ! ನಗು ಬಂತು. ಆಮೇಲೆ ನಗುವಿನ ಹಿಂದೆಯೇ ಒಂದು ಸುಖ ಬಂತು. ಹಳೆಯದನ್ನೆಲ್ಲ ತೆಗೆದು ಓದಿದನಂತೆ. ಅರ್ಥಗರ್ಭಿತ ಮೌನ. ಅದನ್ನು ಮೊದಲು ಎಲ್ಲಿ ಬರೆದಿದ್ದೆ? ಹೌದು, ಆ ನೃತ್ಯದ ಕಾರ್ಯಕ್ರಮ. ನಡುವೆ ಸಂಗೀತ ನಿಂತುಹೋಗಿ ನರ್ತಕಿ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಿದ್ದಳು. ಟೇಪು ಸಿಕ್ಕಿಕೊಂಡಿತೇನೋ ಎಂಬ ಶಂಕೆ ಅವನಿಗೂ ಬಂದಿತ್ತು. ಆದರೆ ಬರೆಯಲು ಕೂತಾಗ ಆ ಮಾತು ಹೊಳೆಯಿತು, ಹೊಳೆದ ಮೇಲೆ ಬಿಡಲಾಗಲಿಲ್ಲ. ಊರೆಲ್ಲ ಅದನ್ನು ಮೆಚ್ಚಿ ಮಾತಾಡಿತ್ತು. ಮರುವರ್ಷ ಆಕೆ ಆ ಜಾಗದಲ್ಲಿ ಬೇಕೆಂದೇ ಸಂಗೀತ ನಿಲ್ಲಿಸಿದ್ದಳು. ಅಂಥ ದಿನಗಳು. ಆಗ ವಾಕ್ಯಗಳು ತಾವಾಗಿ ಬರುತ್ತಿದ್ದವು. ಕೈಗಳ ಚಿತ್ರಗಳ ಬಗ್ಗೆ ಕೂಡ ಈಗ ಒಂದು ವಾಕ್ಯ ಹೊಳೆಯುತ್ತಿದೆ, ಮುಖವಿಲ್ಲದ ಕೈಗಳು ಎಂದು ಶುರು ಮಾಡಿದರೆ ಹೇಗೆ? ಸಭಾಂಗಣ ಯಾಕೋ ತೀರ ನಿಶ್ಶಬ್ದವಾಗಿದೆಯಲ್ಲ ಎಂದು ಅರೆಗಳಿಗೆ ಅನ್ನಿಸಿತು. ವೇದಿಕೆಯ ಪಕ್ಕದ ಪರದೆಯ ಸಂದಿನಲ್ಲಿ ಭಾವಮೈದುನನ ಮುಖ ಕಂಡು ಮರೆಯಾಯಿತು. ಮಗಳ ಪಾತ್ರದವಳು ಏನೋ ಅಂದಳು, ನಾಟಕ ಮುಂದುವರಿಯಿತು. ಮುಖವಿಲ್ಲದ ಕೈಗಳು, ಕೈಗಳಿಗೇ ಮುಖ. ಚೆನ್ನಾಗಿದೆ. ಚಪ್ಪಾಳೆ ಬಿದ್ದಾಗ ಅವನೂ ಎದ್ದು ನಿಂತು ತಟ್ಟಿದ.

ಹೊರಗೆ ಇನ್ನೂ ಬೆಳಕಿತ್ತು. ಇಬ್ಬರೂ ನಡೆದೇ ಮನೆಗೆ ಬಂದರು. ದಾರಿಯುದ್ದಕ್ಕೂ ಅವಳು ಏನೂ ಕೇಳಲಿಲ್ಲ. ಅವಳ ಕಿವಿಯ ಹಿಂದೆ ಬಣ್ಣ ಸರಿಯಾಗಿ ಹೋಗಿರಲಿಲ್ಲ. ಒಂದು ವಾರ ಅವಳ ಮೇಲೆ ಹೊರಿಸಿದ್ದ ಅಪವಾದಕ್ಕೆ ಏನಾದರೂ ಕೊಟ್ಟು ಋಣ ತೀರಿಸಬೇಕು ಎಂದು ಅವನ ಮನಸ್ಸು ತುಂಬಿಬಂದಿತ್ತು. ಕೊಡಲು ಅವನ ಬಳಿ ಇದ್ದದ್ದು ಮಾತು. ಮನೆಯೊಳಗೆ ಬಂದು ಅವಳು ಎದುರಿನ ಕುರ್ಚಿಯ ಅಂಚಿನಲ್ಲಿ ಕೂತು, “ಹೇಳಿ,” ಎಂದಳು.

“ಚೆನ್ನಾಗಿತ್ತು. ನಿಜವಾಗ್ಲೂ ಚೆನ್ನಾಗಿತ್ತು. ಮುಖ್ಯವಾಗಿ ಆ ಮೌನ. ಮಗಳು ಕೇಳಿದ ಮೇಲೆ ನೀನು ನಿಲ್ತೀಯಲ್ಲ, ಅದು. ಅದರಲ್ಲಿ ತುಂಬ ಅರ್ಥ ಇತ್ತು.”

“ಯಾವ ಅರ್ಥ?”

“ಅಂದ್ರೆ, ಆ ತಾಯಿಯ ಪಶ್ಚಾತ್ತಾಪ… ಇಷ್ಟು ವರ್ಷದ್ದು…”

ಅವಳು ಅವನನ್ನು ಪೂರ್ತಿ ಮುಗಿಸಲು ಬಿಟ್ಟಳು. ಆಮೇಲೆ, “ಅಲ್ಲಿ ಮೌನ ಇಲ್ಲ ರೀ,” ಎಂದಳು. “ಮಗಳು ಕೇಳಿದ ತಕ್ಷಣ ನಾನು ಉತ್ತರ ಕೊಡ್ಬೇಕು. ಅವಳ ಮಾತಿನ ಮೇಲೇ ಹೋಗ್ಬೇಕು ನನ್ನ ಮಾತು. ಮರೆತುಹೋಯ್ತು. ಹೋದ ವಾರಾನೂ ಮರೆತುಹೋಗಿತ್ತು. ತಾರಸಿ ಮೇಲೆ ದಿನಾ ಹೇಳ್ಕೊತೀನಿ, ಅಲ್ಲಿ ಬರುತ್ತೆ. ತಮ್ಮನಿಗೆ ಫೋನಿನಲ್ಲಿ ಒಪ್ಪಿಸ್ತೀನಿ, ಆಗ್ಲೂ ಬರುತ್ತೆ. ವೇದಿಕೆ ಮೇಲೆ ಹೋಗಿ ನಿಂತ್ರೆ ಎಲ್ಲ ಖಾಲಿ. ಇವತ್ತು ಆ ಹುಡುಗೀನೇ ನನ್ನ ಮಾತನ್ನೂ ತಾನೇ ಹೇಳಿ ಮುಂದಕ್ಕೆ ಎಳೆದ್ಲು. ಕೇಳಿಸ್ಲಿಲ್ವಾ?”

ಅವನು ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಡಿಸತೊಡಗಿದ.

“ಎಲ್ಲರೂ ಚಪ್ಪಾಳೆ ತಟ್ತಾರೆ. ತಮ್ಮ, ಏನಿಲ್ಲ ಅಕ್ಕ, ಸುಸ್ತು ಅಂತಾನೆ. ಆ ಪತ್ರಿಕೆಯವನು ಅದನ್ನೇ ಹೊಗಳಿ ಬರೆದ. ಓದಿ ನನಗೆ ಭಯ ಆಯ್ತು. ನೀವು ಯಾರನ್ನೂ ಬಿಟ್ಟವರಲ್ಲ. ನೀವಾದ್ರೂ ತಪ್ಪನ್ನ ತಪ್ಪು ಅಂತೀರಿ, ಆಮೇಲೆ ಬೇಕಾದ್ರೆ ಡಾಕ್ಟರ ಹತ್ರ ಹೋಗೋಣ ಅಂತ ಕರೆದೆ.” ಅವಳು ಕಿವಿಯ ಹಿಂದೆ ಉಳಿದಿದ್ದ ಬಣ್ಣವನ್ನು ಬೆರಳಿನಿಂದ ಒರೆಸಿಕೊಂಡಳು. “ವೇದಿಕೆ ಮೇಲಿಂದ ಎಲ್ಲ ಕಾಣುತ್ತೆ ರೀ. ಎಲ್ಲರ ಮುಖ ನನ್ನ ಕಡೆ ಇತ್ತು, ನಿಮ್ಮದೊಂದೇ ಆ ಕಡೆ ಈ ಕಡೆ. ಯಾರನ್ನ ಹುಡುಕ್ತಿದ್ರಿ?”

“ಯಾರನ್ನೂ ಇಲ್ಲ,” ಎಂದ. ಅವನ ಜೀವಮಾನದಲ್ಲಿ ಅಷ್ಟು ಕೀಳೆನಿಸಿದ ಮಾತು ಇನ್ನೊಂದಿರಲಿಲ್ಲ. ಅವಳ ಪಕ್ಕಕ್ಕೆ ಹೋಗಿ ಕೂರಬೇಕು, ಕೈ ಹಿಡಿಯಬೇಕು ಎನ್ನಿಸಿತು, ಆದರೆ ಕೂತಲ್ಲೇ ಉಳಿದ. ಅವಳೇ ಎದ್ದಳು. ಮೇಜನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡಳು.

“ಈಗ ನೋಡಿ. ಮಗಳ ಮಾತು ನೀವು ಹೇಳಿ. ಅವತ್ತು ಬಾಗಿಲು ಯಾಕೆ ತೆಗೀಲಿಲ್ಲ ಅಮ್ಮಾ, ಅಷ್ಟೇ.”

“ಅವತ್ತು ಬಾಗಿಲು ಯಾಕೆ ತೆಗೀಲಿಲ್ಲ ಅಮ್ಮಾ,” ಎಂದ.

ಅವಳು ನಿಂತಿದ್ದಳು. ಅವನು ನೋಡಿದ. ಹಣೆಯ ಬದಿಯ ಕೂದಲು ಇಷ್ಟೊಂದು ಬೆಳ್ಳಗಾದದ್ದು, ಬಲಭುಜ ಸ್ವಲ್ಪ ಇಳಿದದ್ದು, ಕಣ್ಣು ಅವನ ಮೇಲಿದ್ದೂ ಅವನನ್ನು ದಾಟಿ ಎಲ್ಲೋ ತಡಕುತ್ತಿರುವುದು. ತಾಯಿ ನೆನೆಯುತ್ತಿರುವಳೋ, ಹೆಂಡತಿ ಮರೆತಿರುವಳೋ ಅವನಿಗೆ ತಿಳಿಯಲಿಲ್ಲ. ಎಷ್ಟು ನಾಟಕ, ಎಷ್ಟು ನೃತ್ಯ ನೋಡಿದ್ದ, ಎಷ್ಟು ಜನರನ್ನು ಒಂದೇ ವಾಕ್ಯದಲ್ಲಿ ಎತ್ತಿದ್ದ, ಇಳಿಸಿದ್ದ. ಈ ಒಂದನ್ನು ಹೇಳಲು ಬರುತ್ತಿಲ್ಲ. ಮಾತು ಎತ್ತಿಕೊಡೋಣವೆಂದರೆ ಆ ಮಾತು ಅವನಿಗೆ ಗೊತ್ತಿಲ್ಲ. ಸುಳ್ಳು ಹೇಳಿದರೆ ಅವಳು ನಂಬುತ್ತಾಳೆ, ನಂಬಲು ಕಾಯುತ್ತಿದ್ದಾಳೆ ಎಂದೂ ಅನ್ನಿಸಿತು.

“ಮರ್ತೆ ನೀನು,” ಎಂದ.

ಅವಳ ಮುಖ ಸಡಿಲವಾಯಿತು. “ಇಲ್ಲ,” ಎಂದಳು. “ನೆನಪಿತ್ತು. ಹೇಳೋ ಧೈರ್ಯ ನಿಮಗಿದೆಯಾ ಅಂತ ನೋಡ್ತಿದ್ದೆ.”

ಅವನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಅಲ್ಲಿಗೇ ಬಿಟ್ಟುಬಿಡಬಹುದಾಗಿತ್ತು. ಎದ್ದು ದೀಪ ಹಾಕಿ, ನಾಳೆಯ ಮಾತು ತೆಗೆದು, ಇಬ್ಬರೂ ಏನೂ ಆಗದವರಂತೆ ಇದ್ದುಬಿಡಬಹುದಾಗಿತ್ತು. ಆದರೆ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಕೇಳಲಿ ಎಂದೋ ಕೇಳದಿರಲಿ ಎಂದೋ ಗೊತ್ತಾಗದ ಆ ನೋಟವನ್ನು ಅವನು ಮೊದಲ ಸಲ ತಪ್ಪಿಸಿಕೊಳ್ಳದೆ ತಡೆದುಕೊಂಡ.

“ಹಾಗಾದ್ರೆ ಹೇಳು ಆ ಮಾತು,” ಎಂದ.

ಅವಳು ನಕ್ಕಳು. ನಗು ನಿಂತ ಮೇಲೂ ಮಾತು ಬರಲಿಲ್ಲ.